ಅಂಗಳದ ಕಾಂಕ್ರೀಟ್ ಒಡೆಸುವುದು: ಮೊದಲ ಅಳತೆಯಿಂದ ಕೊನೆಯ ಬಾಂಡ್ಲಿವರೆಗೆ

ನಮ್ಮದು ಬೆಂಗಳೂರಿನ ವಿಜಯನಗರದಲ್ಲಿ ಮೂವತ್ತು ನಲವತ್ತರ ಸೈಟಿನ ಹಳೇ ಮನೆ. ಅಪ್ಪ ಕಟ್ಟಿಸಿದ್ದು. ಗೇಟಿನಿಂದ ಮೆಟ್ಟಿಲವರೆಗೆ, ಪಕ್ಕದ ಓಣಿ, ಹಿಂದೆ ಬಟ್ಟೆ ಒಗೆಯುವ ಕಲ್ಲಿನವರೆಗೆ ಎಲ್ಲಾ ಕಾಂಕ್ರೀಟ್. ಮಣ್ಣು ಕಾಣಬೇಕೆಂದರೆ ತುಳಸಿ ಕಟ್ಟೆಗೇ ಹೋಗಬೇಕು. ಮುಂದಿನ ಅಂಗಳ ಸುಮಾರು 300 ಚದರ ಅಡಿ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್ ಅಂತ ಹಿಡಿದರೆ, ಅಷ್ಟು ಜಾಗದ ಮೇಲೆ ಬೀಳುವ ನೀರು 27 ಸಾವಿರ ಲೀಟರ್. ಎಲ್ಲವೂ ಸೀದಾ ರಸ್ತೆಗೆ. ಇದನ್ನು ಒಡೆಸಿ ಮಣ್ಣು ಬಿಡೋಣ, ಆಮೇಲೆ ಒಂದು ಇಂಗುಬಾವಿ ತೋಡಿಸೋಣ ಅಂತ ಹೊರಟೆ.

ಒಡೆಯುವ ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಡೆಬ್ರಿಸ್, ಅಂದರೆ ಒಡೆದ ತುಂಡುಗಳ ರಾಶಿ, ಮಾತ್ರ ಗೇಟಿನ ಮುಂದೆ ಒಂಬತ್ತು ದಿನ ಬಿದ್ದಿತ್ತು. ಎದುರು ಮನೆ ಅಜ್ಜಿ ದಿನಾ ಬೆಳಿಗ್ಗೆ ರಂಗೋಲಿ ಹಾಕುವಾಗ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದರು. ಐದನೇ ದಿನ ಕೇಳಿಯೇಬಿಟ್ಟರು: "ಏನಪ್ಪಾ, ಇದಕ್ಕೆ ಅರಿಶಿನ ಕುಂಕುಮ ಹಚ್ಚಿ ಇಲ್ಲೇ ಇಟ್ಕೊಳ್ತೀಯಾ?"

ಆರು ತಿಂಗಳ ಮೇಲೆ ಹಿತ್ತಲಿನ ಕಾಂಕ್ರೀಟ್ ಮತ್ತು ಹಳೇ ಸಂಪಿನ (ನೆಲದೊಳಗಿನ ನೀರಿನ ತೊಟ್ಟಿಯ) ಸ್ಲ್ಯಾಬ್ ಒಡೆಸಿದೆ. ಆ ಸಲ ಕೆಲಸ ಹೂವೆತ್ತಿದ ಹಾಗೆ ಆಯಿತು. ಎರಡೂ ಸಲ ಬಂದ ಮೆಷಿನ್ ಒಂದೇ ಥರದ್ದು. ಬೇರೆಯಾಗಿದ್ದು ನಾನು ಮೊದಲೇ ಕೇಳಿದ ಪ್ರಶ್ನೆಗಳು. ಒಡೆಯುವುದಕ್ಕೆ ಯಾರನ್ನಾದರೂ ಕರೆಯಬಹುದು. ಕಾಂಕ್ರೀಟಿನ ಕೆಳಗೆ ಏನಿದೆ, ಒಡೆದದ್ದು ಎಲ್ಲಿಗೆ ಹೋಗುತ್ತದೆ ಅನ್ನುವ ಎರಡು ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವವರನ್ನು ಹುಡುಕುವುದೇ ಕಷ್ಟ.

1. ಒಡೆಸಬೇಕಾದ್ದು ಯಾವ ಕಾಂಕ್ರೀಟ್?

ಮೊದಲು ಇದು ಗೊತ್ತಾಗಬೇಕು. ನೆಲದ ಮೇಲೆ ಸುಮ್ನೆ ಹಾಸಿದ, ಕಂಬಿ ಇಲ್ಲದ ಕಾಂಕ್ರೀಟ್ ಒಂದು. ಮೇಸ್ತ್ರಿಗಳು ಪಿಸಿಸಿ ಅಥವಾ ಬೆಡ್ ಅನ್ನುತ್ತಾರೆ. ಕಂಬಿ ಕಟ್ಟಿ ಹಾಕಿದ್ದು ಆರ್‌ಸಿಸಿ. ಕಾರು ನಿಲ್ಲಿಸುವ ಜಾಗದಲ್ಲಿ ಕೆಲವರು ಜಾಲರಿ ಹಾಕಿಸಿರುತ್ತಾರೆ. ಇವೆರಡೂ ನೆಲಕ್ಕೆ ಅಂಟಿಕೊಂಡಿರುವವರೆಗೆ ಮೇಸ್ತ್ರಿ ಮಟ್ಟದ ಕೆಲಸ.

ಮೂರನೆಯದು ಗಾಳಿಯಲ್ಲಿ ನಿಂತಿರುವ ಕಾಂಕ್ರೀಟ್: ಮೋಲ್ಡ್, ಸಜ್ಜಾ, ಬಾಲ್ಕನಿ, ಮೆಟ್ಟಿಲು, ಬೀಮ್, ಪಿಲ್ಲರ್. ಇದರಲ್ಲಿ ಒಂದಂಗುಲ ಮುಟ್ಟಬೇಕಾದರೂ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕು. "ಅಯ್ಯೋ, ಈ ಬೀಮು ಸುಮ್ನೆ ಶೋಗೆ ಹಾಕಿರೋದು ಸಾರ್" ಅನ್ನುವ ಮೇಸ್ತ್ರಿಗೆ ಕಾಫಿ ಕೊಟ್ಟು ಕಳಿಸಿಬಿಡಿ. ಕಟ್ಟಡ ಕೆಡವುವಾಗಿನ ಸುರಕ್ಷತೆಗೆ ಐಎಸ್ 4130 ಅಂತ ಒಂದು ಭಾರತೀಯ ಮಾನಕವೇ ಇದೆ. ಎಂಜಿನಿಯರ್‌ಗೆ ಅದು ಗೊತ್ತಿರುತ್ತದೆ. ಗೇಟಿನ ಹೊರಗಿನ ಇಳಿಜಾರು, ಫುಟ್‌ಪಾತ್, ಚರಂಡಿ ಚಪ್ಪಡಿ ನಿಮ್ಮದಲ್ಲ. ಅದನ್ನು ಮುಟ್ಟುವುದಿದ್ದರೆ ಪಾಲಿಕೆಯ ವಾರ್ಡ್ ಎಂಜಿನಿಯರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಇನ್ನು ದಪ್ಪ. ಯಾರನ್ನೂ ಕರೆಯುವ ಮೊದಲು ಎರಡು ಮೂರು ಕಡೆ ಒಂದಡಿ ಚೌಕ ಒಡೆದು ನೋಡಿ. ಒಂದು ಚಾಣ, ಒಂದು ಸುತ್ತಿಗೆ, ಅರ್ಧ ಗಂಟೆ ಸಾಕು. ನಾನು ಮೊದಲ ಸಲ ಮೆಟ್ಟಿಲ ಹತ್ತಿರ ಮಾತ್ರ ಒಡೆದು ನೋಡಿದೆ. 4 ಇಂಚು ಇತ್ತು. ಎಲ್ಲಾ ಕಡೆ ಅಷ್ಟೇ ಅಂದುಕೊಂಡೆ. ಗೇಟಿನ ಹತ್ತಿರದ 80 ಚದರ ಅಡಿ 7 ಇಂಚು ಇತ್ತು. ಕೆಳಗೆ ಅಪ್ಪ ಹಾಕಿಸಿದ 4 ಇಂಚು, ಅದರ ಮೇಲೆ ಕಾರು ತಂದಾಗ ಹಾಕಿಸಿದ 3 ಇಂಚು. ಮಧ್ಯದಲ್ಲಿ ಹಳೇ ರೆಡ್ ಆಕ್ಸೈಡ್‌ನ ಕೆಂಪು ಗೆರೆ ಬನ್ನಿನೊಳಗಿನ ಜಾಮ್ ಥರ ಕಾಣುತ್ತಿತ್ತು. ಕಾಂಟ್ರಾಕ್ಟರ್ ಅಲ್ಲೇ ಕೆಲಸ ನಿಲ್ಲಿಸಿ ರೇಟು ಏರಿಸಿದ. ತಪ್ಪು ಅವನದಲ್ಲ.

2. ಲೆಕ್ಕ ಹಾಕಿ, ತೂಕ ಗೊತ್ತಾಗಲಿ

ಉದ್ದ, ಅಗಲ ಅಡಿಯಲ್ಲಿ. ದಪ್ಪ ಇಂಚಿನಲ್ಲಿ, ಅದನ್ನು 12ರಿಂದ ಭಾಗಿಸಿ. ಮೂರನ್ನೂ ಗುಣಿಸಿದರೆ ಘನ ಅಡಿ ಸಿಗುತ್ತದೆ. ಮೇಸ್ತ್ರಿ ಭಾಷೆಯಲ್ಲಿ ಸಿಎಫ್‌ಟಿ. ನಮ್ಮ 300 ಚದರ ಅಡಿ ಎಲ್ಲಾ 4 ಇಂಚು ಇದ್ದಿದ್ದರೆ 100 ಘನ ಅಡಿ. ಆ 7 ಇಂಚಿನ ಜಾಗ ಸೇರಿ 120 ಆಯಿತು.

ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕಿಲೋ ತೂಗುತ್ತದೆ. ಘನ ಅಡಿಗೆ 68 ಕಿಲೋ. ಅಂದರೆ ನಮ್ಮ ಅಂಗಳದಲ್ಲಿ ಇದ್ದದ್ದು 8 ಟನ್! ನಾನಂತೂ ಒಂದು ಟಾಟಾ ಏಸ್ ಲೋಡ್ ಆಗಬಹುದು ಅಂದುಕೊಂಡಿದ್ದೆ. ಮುಕ್ಕಾಲು ಟನ್ ಹೊರುವ ಗಾಡಿ ಅದು. ಹನ್ನೊಂದು ಸಲ ಓಡಬೇಕು.

ಇನ್ನೊಂದು ವಿಷಯ. ಒಡೆದ ಮೇಲೆ ಕಾಂಕ್ರೀಟ್ ಉಬ್ಬುತ್ತದೆ. ತುಂಡುಗಳ ನಡುವೆ ಗಾಳಿ ಸೇರಿ ಹೆಚ್ಚುಕಡಿಮೆ ಒಂದೂವರೆ ಪಟ್ಟು ಜಾಗ ಹಿಡಿಯುತ್ತದೆ. 120 ಘನ ಅಡಿ 180 ಆಗುತ್ತದೆ. ಟ್ರಾಕ್ಟರ್ ಟ್ರೇಲರ್‌ನ ಒಳಗಿನ ಅಳತೆ 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ 90 ಘನ ಅಡಿ. ಭರ್ತಿ ಎರಡು ಲೋಡು. ಈ ಲೆಕ್ಕ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಯಾರಾದರೂ "ಐದು ಲೋಡ್ ಆಯ್ತು ಸಾರ್" ಅಂದರೆ ಜಗಳ ಆಡಬೇಕಿಲ್ಲ, ಚೀಟಿ ತೆಗೆದರೆ ಸಾಕು.

3. ಕೆಳಗೆ ಏನಿದೆ?

ಮೊದಲ ದಿನ ಬೆಳಿಗ್ಗೆ ಹತ್ತೂವರೆಗೆ ಕಾಂಕ್ರೀಟ್ ಒಡೆಯುವ ಮೆಷಿನ್, ಅಂದರೆ ಬ್ರೇಕರ್, ಅದರ ಮೊನೆ ನೀರಿನ ಪೈಪಿಗೆ ಹೊಕ್ಕಿತು. ಅವತ್ತು ಕಾವೇರಿ ನೀರು ಬಿಡುವ ದಿನ. ಎರಡು ಆಳೆತ್ತರ ಚಿಮ್ಮಿತು. ಹುಡುಗ ಬ್ರೇಕರ್ ಕೈಬಿಟ್ಟು ಓಡಿದ. ಬ್ರೇಕರ್ ಇನ್ನೂ ಪ್ಲಗ್‌ನಲ್ಲೇ ಇತ್ತು, ಕೆಳಗೆಲ್ಲಾ ನೀರು. ನಾನು ಮೇನ್ ಸ್ವಿಚ್ ಕಡೆ ಓಡಿದ್ದು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಹಳೇ ಜಿಐ ಪೈಪು ಕಾಂಕ್ರೀಟಿನ ಕೆಳಗೆ ಒಂದು ಗೇಣೂ ಇರಲಿಲ್ಲ. ಮೀಟರ್ ಪಕ್ಕದ ವಾಲ್ವ್ ತುಕ್ಕು ಹಿಡಿದು ತಿರುಗಲೇ ಇಲ್ಲ.

ನೀವು ಹೀಗೆ ಮಾಡಿ. ನೀರಿನ ಮೀಟರ್ ಬಾಕ್ಸ್ ತೆಗೆದು ಪೈಪ್ ಯಾವ ಕಡೆಗೆ ಹೋಗುತ್ತದೆ ನೋಡಿ. ಸಂಪಿನ ಮುಚ್ಚಳ ತೆಗೆದು ಅದು ಎಲ್ಲಿ ಒಳಗೆ ಬರುತ್ತದೆ ನೋಡಿ. ಎರಡರ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಸಂಪಿನಿಂದ ಮೋಟಾರ್, ಮೋಟಾರಿನಿಂದ ಮೇಲಿನ ಟ್ಯಾಂಕ್‌ಗೆ ಹೋಗುವ ಪೈಪಿಗೂ ಅಷ್ಟೇ. ಯುಜಿಡಿ (ಒಳಚರಂಡಿ) ಚೇಂಬರ್ ಮುಚ್ಚಳಗಳನ್ನು ಎತ್ತಿಸಿ, ಒಂದರಿಂದ ಇನ್ನೊಂದಕ್ಕೆ ಗೆರೆ. ಕರೆಂಟ್ ಮೀಟರ್ ಬೋರ್ಡಿನ ಕೆಳಗೆ ಅರ್ಥಿಂಗ್ ಪಿಟ್ ಇರುತ್ತದೆ, ಅದರ ಸುತ್ತ ಒಂದು ಗೋಲ ಬರೆಯಿರಿ. ಬೆಸ್ಕಾಂ ಕೇಬಲ್ ಕಂಬದಿಂದ ಬರುತ್ತದೋ ನೆಲದೊಳಗಿಂದ ಬರುತ್ತದೋ ನೋಡಿ. ಅಡುಗೆ ಗ್ಯಾಸ್ ಪೈಪಿನಲ್ಲಿ ಬರುವ ಮನೆಯಾದರೆ ಗ್ಯಾಸ್ ಕಂಪನಿಗೆ ಫೋನ್ ಮಾಡಿ, ಅವರ ಕಡೆಯವರು ಬಂದು ಲೈನ್ ತೋರಿಸಿದ ಮೇಲೆಯೇ ಕೆಲಸ.

ಪೈಪು ಯಾವಾಗಲೂ ಗೆರೆ ಎಳೆದ ಹಾಗೆ ನೆಟ್ಟಗೆ ಇರುವುದಿಲ್ಲ. ಅದಕ್ಕೇ ಗೆರೆಯ ಎರಡೂ ಪಕ್ಕ ಒಂದೂವರೆ ಅಡಿ ಮೆಷಿನ್ ಬೇಡ, ಚಾಣ ಸುತ್ತಿಗೆ ಮಾತ್ರ ಅಂತ ಮಾತಾಡಿಕೊಳ್ಳಿ. ಹಿಂದಿನ ದಿನವೇ ವಾಲ್ವ್ ತಿರುಗಿಸಿ ನೋಡಿ. ನೀರು ಬಿಡದ ದಿನ ಕೆಲಸ ಶುರು ಮಾಡಿಸಿ. ಗೆರೆಗಳ ಫೋಟೋ ತೆಗೆದು ಮೇಸ್ತ್ರಿಗೆ ವಾಟ್ಸಾಪ್ ಮಾಡಿ. ಆಮೇಲೆ "ನೀವು ಹೇಳಲೇ ಇಲ್ಲ" ಅನ್ನುವ ಮಾತು ಬರುವುದಿಲ್ಲ.

4. ಯಾರನ್ನು ಕರೆಯುವುದು?

ಈ ಕೆಲಸಕ್ಕೆ ನಾಲ್ಕು ಥರದವರು ಸಿಗುತ್ತಾರೆ. ಒಬ್ಬ ಗಾರೆ ಮೇಸ್ತ್ರಿ. ಅವನ ಹತ್ತಿರ ಆಳುಗಳಿರುತ್ತಾರೆ, ಬ್ರೇಕರ್ ಬಾಡಿಗೆಗೆ ತರುತ್ತಾನೆ. ಇನ್ನೊಬ್ಬ ಕೋರ್ ಕಟಿಂಗ್‌ನವನು. ಗೋಡೆ, ಸ್ಲ್ಯಾಬ್‌ನಲ್ಲಿ ನೀಟಾಗಿ ತೂತು ತೆಗೆಯುವುದು, ನೇರವಾಗಿ ಕತ್ತರಿಸುವುದು ಅವನ ಕೆಲಸ. ಅಂಗಳ ಒಡೆಯಲು ದುಬಾರಿ. ಮೂರನೆಯವರು ಹಳೇ ಮನೆ ಒಡೆಯುವವರು. ಇಡೀ ಮನೆ ಸಿಕ್ಕರೆ ಕಿಟಕಿ, ಬಾಗಿಲು, ಕಬ್ಬಿಣದಲ್ಲೇ ಅವರಿಗೆ ಲಾಭ. ಬರೀ ಅಂಗಳ ಅಂದರೆ ಮುಖ ತಿರುಗಿಸುತ್ತಾರೆ. ನಾಲ್ಕನೆಯವನು ಟ್ರಾಕ್ಟರ್‌ಗೆ ಕಂಪ್ರೆಸರ್ ಕಟ್ಟಿಕೊಂಡು ಬರುವವನು. ದಪ್ಪ ಕಾಂಕ್ರೀಟ್, ಬಂಡೆ ಇದ್ದರೆ ಅವನೇ ಸರಿ. ಆದರೆ ಆ ಸದ್ದಿಗೆ ಇಡೀ ಕ್ರಾಸ್ ಆಚೆ ಬಂದು ನಿಲ್ಲುತ್ತದೆ.

ಸಾಮಾನ್ಯ ಮನೆಯ ಅಂಗಳಕ್ಕೆ ಗಾರೆ ಮೇಸ್ತ್ರಿ ಸಾಕು. ಹುಡುಕಲು ಆ್ಯಪ್‌ಗಿಂತ ಹಾರ್ಡ್‌ವೇರ್ ಅಂಗಡಿ ವಾಸಿ ಅನ್ನುವುದು ನನ್ನ ಅನುಭವ. ಬ್ರೇಕರ್ ಬಾಡಿಗೆಗೆ ಕೊಡುವ ಅಂಗಡಿಯವರಿಗೆ ಯಾರು ಮೆಷಿನ್ ಸರಿಯಾಗಿ ವಾಪಸ್ ತರುತ್ತಾರೆ, ಯಾರು ಮೊನೆ ಮುರಿದು ಮಾತಾಡದೆ ಇಟ್ಟು ಹೋಗುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ನನ್ನ ಎರಡನೇ ಮೇಸ್ತ್ರಿ ಸಿಕ್ಕಿದ್ದು ಹಾಗೇ.

ಮೂರು ಜನರನ್ನಾದರೂ ಕರೆದು ತೋರಿಸಿ. ಫೋನಿನಲ್ಲೇ ರೇಟ್ ಹೇಳುವವನನ್ನು ನಂಬಬೇಡಿ. ಬಂದವನು ಏನು ನೋಡುತ್ತಾನೆ ಅನ್ನುವುದನ್ನು ನೀವು ನೋಡಿ. ಮೊದಲ ಸಲ ಬಂದವನು ಗೇಟಿನಲ್ಲೇ ನಿಂತು ರೇಟು ಹೇಳಿದ್ದ. ಎರಡನೇ ಮೇಸ್ತ್ರಿ ಕಾಂಕ್ರೀಟ್ ಮೇಲೆ ಹಾರೆಯಿಂದ ಅಲ್ಲಲ್ಲಿ ತಟ್ಟಿ ಸದ್ದು ಕೇಳಿಸಿಕೊಂಡರು. ಕಾಂಪೌಂಡ್ ಗೋಡೆಯ ಬುಡದಲ್ಲಿ ಕೂತು ಬಿರುಕು ನೋಡಿದರು. ಆಮೇಲೆ ರಸ್ತೆಗೆ ಹೋಗಿ, ಟ್ರಾಕ್ಟರ್ ಎಲ್ಲಿ ತಿರುಗಿಸಬಹುದು ಅಂತ ನೋಡಿ ಬಂದರು. ರೇಟು ಕೇಳುವ ಮೊದಲೇ ನನಗೆ ಇವರೇ ಅನ್ನಿಸಿತ್ತು.

ಕೇಳಬೇಕಾದ ಪ್ರಶ್ನೆಗಳು ಇವು:

- ಇತ್ತೀಚೆಗೆ ಎಲ್ಲಿ ಇಂಥ ಕೆಲಸ ಮಾಡಿದ್ದೀರಿ? ಹೋಗಿ ನೋಡಬಹುದಾ?
- ಮೆಷಿನ್ ಯಾವುದು, ಸ್ವಂತದ್ದಾ, ಬಾಡಿಗೆಯಾ? ಕೆಟ್ಟರೆ ಆ ದಿನದ ಗತಿ?
- ಎಷ್ಟು ಜನ ಬರುತ್ತಾರೆ? ನೀವು ಸ್ಥಳದಲ್ಲಿ ಇರುತ್ತೀರಾ?
- ಪೈಪ್ ಒಡೆದರೆ ಯಾರ ಖರ್ಚು? ಆಳಿಗೆ ಪೆಟ್ಟಾದರೆ? ಇನ್ಶೂರೆನ್ಸ್, ಲೇಬರ್ ಕಾರ್ಡ್ ಇದೆಯಾ?
- ಡೆಬ್ರಿಸ್ ಯಾವ ಗಾಡಿಯಲ್ಲಿ, ಯಾವ ದಿನ, ಎಲ್ಲಿಗೆ ಹೋಗುತ್ತದೆ?

ಕೊನೆಯ ಪ್ರಶ್ನೆಗೆ ಮೊದಲನೆಯವನ ಉತ್ತರ, "ಅದೆಲ್ಲಾ ನಾವು ನೋಡ್ಕೋತೀವಿ ಬಿಡಿ ಸಾರ್." ಈ ಉತ್ತರ ಬಂದ ತಕ್ಷಣ ಎಚ್ಚರ ಆಗಿ.

5. ಮೆಷಿನ್ ಮತ್ತು ಕರೆಂಟು

ಅಂಗಳಕ್ಕೆ ಸಾಮಾನ್ಯವಾಗಿ ಬರುವುದು ನಿಂತು ಹಿಡಿಯುವ ಎಲೆಕ್ಟ್ರಿಕ್ ಬ್ರೇಕರ್. ಯಾವ ಕಂಪನಿಯದಾದರೂ ಹುಡುಗರು ಅದನ್ನು ಹಿಲ್ಟಿ ಅನ್ನುವುದುಂಟು. ಸುಮಾರು 16 ಕಿಲೋ ತೂಕ, 1,700 ವ್ಯಾಟ್ ಆಸುಪಾಸು. ಆರು ಗಂಟೆ ಪೂರ್ತಿ ಓಡಿದರೆ ಹತ್ತು ಯೂನಿಟ್ ಕರೆಂಟ್. ಅದು ನಿಮ್ಮ ಮನೆಯದೇ, ದೊಡ್ಡ ವಿಷಯವಲ್ಲ. ಆದರೆ ಗೀಸರ್‌ಗೆ ಹಾಕುವಂಥ 16 ಆಂಪಿಯರ್ ಸಾಕೆಟ್ಟಿಗೇ ಹಾಕಿಸಿ. ಬರೀ ವೈರಿನ ತುದಿ ಸಾಕೆಟ್ಟಿಗೆ ಚುಚ್ಚಿ ಬೆಂಕಿಕಡ್ಡಿ ಸಿಕ್ಕಿಸುವ ಆಟ ಬೇಡ. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಈ ನೆಪದಲ್ಲಾದರೂ ಹಾಕಿಸಿಕೊಳ್ಳಿ. ನಮ್ಮ ಮನೆಯಲ್ಲಿ ಇರಲಿಲ್ಲ. ಪೈಪ್ ಒಡೆದ ದಿನ ಸಂಜೆಯೇ ಎಲೆಕ್ಟ್ರಿಷಿಯನ್ ಬಂದ.

ಜೆಸಿಬಿ ಬೇಕಾ? ಮನೆಗಳು ಒತ್ತೊತ್ತಾಗಿರುವ ಕ್ರಾಸ್‌ಗಳಲ್ಲಿ ಬೇಡ. ಒಂದು ಗಂಟೆಯಲ್ಲಿ ಕೆಲಸ ಮುಗಿಸಿ, ಜೊತೆಗೆ ಗೇಟಿನ ಕಂಬ, ಪೈಪು, ಪಕ್ಕದವರ ಕಾಂಪೌಂಡ್ ಎಲ್ಲವನ್ನೂ ಮುಗಿಸುತ್ತದೆ.

6. ರೇಟು ಮಾತಾಡುವುದು

ಚದರ ಅಡಿ ಲೆಕ್ಕ, ದಿನಗೂಲಿ, ಒಟ್ಟು ಗುತ್ತಿಗೆ ಅಂತ ಮೂರು ಥರ ಹೇಳುತ್ತಾರೆ. ಚದರ ಅಡಿ ಲೆಕ್ಕದಲ್ಲಿ ದಪ್ಪ ಬರೆಯದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ದಿನಗೂಲಿಯಲ್ಲಿ ಟೀ ಕುಡಿಯುವುದು ಜಾಸ್ತಿ. ನನ್ನ ಆಯ್ಕೆ ಒಟ್ಟು ಗುತ್ತಿಗೆ, ದಪ್ಪ ಬರೆದು, ಅದಕ್ಕಿಂತ ಜಾಸ್ತಿ ಸಿಕ್ಕರೆ ಇಂಚಿಗೆ ಇಷ್ಟು ಅಂತ ಮೊದಲೇ ಮಾತಾಡಿ. ಪೈಪಿನ ಪಕ್ಕದ ಕೈಕೆಲಸಕ್ಕೆ ಮಾತ್ರ ದಿನಗೂಲಿ. ಅದನ್ನು ಆತುರ ಮಾಡಬಾರದು ಅಲ್ವಾ, ಅದಕ್ಕೆ.

ಎಲ್ಲರ ಹತ್ತಿರವೂ ಒಡೆಯುವುದು, ಹೊರುವುದು, ಸಾಗಿಸುವುದು ಮೂರಕ್ಕೂ ಬೇರೆ ಬೇರೆ ರೇಟು ಕೇಳಿ. ನನಗೆ ಮೊದಲ ಸಲ ಸಿಕ್ಕ ಅತಿ ಕಡಿಮೆ ರೇಟು ಅತಿ ಜಾಸ್ತಿ ರೇಟಿನ ಅರ್ಧದಷ್ಟಿತ್ತು. ಖುಷಿಯಿಂದ ಒಪ್ಪಿಕೊಂಡೆ. ಅದರಲ್ಲಿ ಸಾಗಿಸುವುದು ಸೇರಿರಲೇ ಇಲ್ಲ! "ಗೇಟಿನ ಆಚೆ ಹಾಕ್ತೀವಿ ಅಂದಿದ್ದೆ ಸಾರ್, ಗಾಡಿ ನಿಮ್ದು" ಅಂದ. ಅಂದಿದ್ದು ನಿಜ. ನಾನೇ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಆರ್‌ಸಿಸಿ ಒಡೆಸುವುದಾದರೆ ಕಂಬಿ ಯಾರಿಗೆ ಅನ್ನುವುದೂ ರೇಟಿನ ಭಾಗ. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕಿಲೋದಲ್ಲಿ ಬರುತ್ತದೆ. 8 ಎಂಎಂ ಕಂಬಿ ಮೀಟರಿಗೆ 0.395 ಕಿಲೋ. ನಮ್ಮ ಸಂಪಿನ ಸ್ಲ್ಯಾಬ್ 6 ಅಡಿಗೆ 8 ಅಡಿ. ಆರಾರು ಇಂಚಿಗೆ ಎರಡೂ ಕಡೆ 8 ಎಂಎಂ ಕಂಬಿ ಇದೆ ಅಂತ ಹಿಡಿದರೆ ಸುಮಾರು 25 ಕಿಲೋ. ಅವತ್ತಿನ ಗುಜರಿ ರೇಟು ಅಂಗಡಿಯಲ್ಲಿ ಕೇಳಿಕೊಂಡೆ. ಕಂಬಿ ನೀವೇ ಇಟ್ಟುಕೊಳ್ಳಿ, ಅಷ್ಟು ಕೂಲಿಯಲ್ಲಿ ಬಿಡಿ ಅಂದೆ. ಮೇಸ್ತ್ರಿ ನಕ್ಕು ಒಪ್ಪಿದರು.

ಜಿಎಸ್‌ಟಿ ಬಗ್ಗೆ ಒಂದೇ ಮಾತು. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ಚಿಕ್ಕ ಕಾಂಟ್ರಾಕ್ಟರ್ ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವನು ಬಿಲ್ಲಿಗೆ ಜಿಎಸ್‌ಟಿ ಸೇರಿಸುವ ಹಾಗೂ ಇಲ್ಲ. ಸೇರಿಸಿದ್ದರೆ ನಂಬರ್ ಕೇಳಿ.

7. ಒಂದು ಹಾಳೆ ಕಾಗದ

ಛಾಪಾ ಕಾಗದ ಬೇಕಿಲ್ಲ. ಒಂದು ಬಿಳಿ ಹಾಳೆ ಸಾಕು. ಎರಡನೇ ಸಲ ನಾನು ಬರೆದಿದ್ದು ಇದು:

"ಹಿತ್ತಲಿನ ಕಾಂಕ್ರೀಟ್ 180 ಚದರ ಅಡಿ, ದಪ್ಪ 4 ಇಂಚು. ಮೂರು ಕಡೆ ಒಡೆದು ಇಬ್ಬರೂ ನೋಡಿದ್ದೇವೆ. ಸಂಪಿನ ಸ್ಲ್ಯಾಬ್ 6 ಅಡಿ 8 ಅಡಿ, ದಪ್ಪ 5 ಇಂಚು. ಒಡೆದ ಕಾಂಕ್ರೀಟ್ ಖಾಲಿ ಸಂಪಿಗೆ ತುಂಬುವುದು. ಕಂಬಿ, ಪ್ಲಾಸ್ಟಿಕ್, ಮರ ಸಂಪಿಗೆ ಹಾಕುವಂತಿಲ್ಲ. ಸೀಮೆಸುಣ್ಣದ ಗೆರೆಯಿಂದ ಒಂದೂವರೆ ಅಡಿಯೊಳಗೆ ಮೆಷಿನ್ ಬಳಸುವಂತಿಲ್ಲ. ಬಳಸಿ ಪೈಪ್ ಒಡೆದರೆ ಮೇಸ್ತ್ರಿ ಖರ್ಚು, ಗೆರೆಯೇ ಇಲ್ಲದ ಕಡೆ ಪೈಪ್ ಸಿಕ್ಕಿ ಒಡೆದರೆ ಮನೆಯವರ ಖರ್ಚು. ಕೆಲಸ ಬೆಳಿಗ್ಗೆ 9ರಿಂದ ಸಂಜೆ 5.30. ಮೂರು ದಿನದಲ್ಲಿ ಮುಗಿಸುವುದು. ದುಡ್ಡು: ಮೆಷಿನ್ ಬಂದ ದಿನ ನೂರಕ್ಕೆ 20, ಒಡೆದು ಮುಗಿದಾಗ 40, ಚರಂಡಿ ಮತ್ತು ಓಣಿ ಗುಡಿಸಿ ಕೊಟ್ಟ ಮೇಲೆ 40."

ಕೆಳಗೆ ಇಬ್ಬರ ಸಹಿ, ತಾರೀಖು. ಪೈಪಿನ ವಾಕ್ಯ ಓದಿ ಮೇಸ್ತ್ರಿ, "ಇದು ಚೆನ್ನಾಗಿದೆ ಸಾರ್, ನಿಮ್ ತಪ್ಪಿಗೂ ಒಂದು ಸಾಲು ಬರ್ದಿದ್ದೀರ" ಅಂದರು. ಅವರ ಕಡೆಯಿಂದಲೂ ಯೋಚಿಸಿ ಬರೆದರೆ ಸಹಿ ಹಾಕಲು ಯಾರೂ ಹಿಂಜರಿಯುವುದಿಲ್ಲ. ಮೊದಲ ಸಲ ನಾನು ಒಡೆಯುವಷ್ಟರಲ್ಲಿ ಪೂರ್ತಿ ದುಡ್ಡು ಕೊಟ್ಟು ಕೂತಿದ್ದೆ. ಆಮೇಲೆ ಫೋನ್ ರಿಂಗ್ ಆಗುತ್ತಿತ್ತು, ಅಷ್ಟೇ.

8. ಅಕ್ಕಪಕ್ಕದವರು, ಸಮಯ, ಧೂಳು

ಎರಡು ದಿನ ಮೊದಲೇ ಅಕ್ಕಪಕ್ಕದ ಮನೆಗೆ ಹೋಗಿ ಹೇಳಿ ಬನ್ನಿ. ಹಾಗೇ ಅವರ ಒಪ್ಪಿಗೆ ತಗೊಂಡು, ಕಾಂಪೌಂಡ್ ಗೋಡೆ ಮತ್ತು ನಿಮ್ಮ ಕಡೆಗಿರುವ ಅವರ ಗೋಡೆಯಲ್ಲಿ ಈಗಾಗಲೇ ಇರುವ ಬಿರುಕುಗಳ ಫೋಟೋ ತೆಗೆದು ಅವರಿಗೂ ಕಳಿಸಿ. ಆಮೇಲೆ ಹೊಸ ಬಿರುಕು, ಹಳೇ ಬಿರುಕು ಅಂತ ವಾದ ಬರುವುದಿಲ್ಲ. ಬಂದರೂ ಬೇಗ ಮುಗಿಯುತ್ತದೆ.

ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವಂತಿಲ್ಲ. ಅದು ಕಾನೂನು. ಮರ್ಯಾದೆ ಅದಕ್ಕಿಂತ ಸ್ವಲ್ಪ ಜಾಸ್ತಿ ಕೇಳುತ್ತದೆ: ಮಧ್ಯಾಹ್ನ ಒಂದರಿಂದ ಎರಡೂವರೆ ಬಿಡಿ, ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಸಮಯ ಬೇಡವೇ ಬೇಡ. ಯುಗಾದಿ ಹತ್ತಿರ ಇಟ್ಟುಕೊಂಡರೆ ಆಳುಗಳೇ ಇರುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ಹಬ್ಬಕ್ಕೆ ಊರಿಗೆ ಹೋದರೆ ಯಾವಾಗ ವಾಪಸ್ ಬರುತ್ತಾರೆ ಅಂತ ಮೇಸ್ತ್ರಿಗೂ ಗೊತ್ತಿರುವುದಿಲ್ಲ. ಅಮಾವಾಸ್ಯೆ ದಿನ ಶುರು ಮಾಡಲು ಒಪ್ಪದವರೂ ಇದ್ದಾರೆ. ಕ್ಯಾಲೆಂಡರ್ ನೋಡಿಕೊಂಡೇ ದಿನ ಹೇಳಿ.

ಕಾಂಕ್ರೀಟ್ ಧೂಳು ಸಾಮಾನ್ಯ ಧೂಳಲ್ಲ. ಅದರಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಸಿಲಿಕೋಸಿಸ್ ಬರುತ್ತದೆ. ಒಮ್ಮೆ ಬಂದರೆ ಶ್ವಾಸಕೋಶ ಸರಿಹೋಗುವುದಿಲ್ಲ. ನಿಮಗೆ ಇದು ಮೂರು ದಿನದ ಕೆಲಸ, ಬ್ರೇಕರ್ ಹಿಡಿದ ಹುಡುಗನಿಗೆ ದಿನಾ ಇದೇ. ಒಬ್ಬರು ಪೈಪ್ ಹಿಡಿದು ಸಣ್ಣಗೆ ನೀರು ಚಿಮುಕಿಸುತ್ತಲೇ ಇರಬೇಕು. ಬ್ರೇಕರ್ ಮೇಲೆ, ವೈರ್ ಮೇಲೆ ಬೀಳದ ಹಾಗೆ. ಎನ್95 ಮಾಸ್ಕ್, ಕನ್ನಡಕ, ಕಿವಿಗೆ ಪ್ಲಗ್ ನೀವೇ ತಂದಿಡಿ. ಹವಾಯಿ ಚಪ್ಪಲಿಯಲ್ಲಿ ಬಂದವನಿಗೆ ಬ್ರೇಕರ್ ಕೊಡಬೇಡಿ ಅಂತ ಮೇಸ್ತ್ರಿಗೆ ಹೇಳಿ. ಕಿಟಕಿ ಮುಚ್ಚಿ, ಸಂಪು ಮತ್ತು ಟ್ಯಾಂಕ್ ಮುಚ್ಚಳದ ಮೇಲೆ ಟಾರ್ಪಾಲ್ ಹಾಕಿ.

9. ಒಡೆಯುವ ದಿನ

ಮೊದಲು ಮನೆ ಗೋಡೆಯ ಬುಡ, ಕಾಂಪೌಂಡ್ ಬುಡದ ಉದ್ದಕ್ಕೂ ಮಾರ್ಬಲ್ ಕಟರ್‌ನಲ್ಲಿ ಒಂದಿಂಚು ಆಳದ ಗೆರೆ ಕೊಯ್ಯಿಸಿ. ಬ್ರೇಕರ್‌ನ ಅದುರು ಗೋಡೆಗೆ ಹೋಗುವುದು ಕಡಿಮೆಯಾಗುತ್ತದೆ, ಕಾಂಕ್ರೀಟ್ ಕೂಡ ಆ ಗೆರೆಗೇ ನೀಟಾಗಿ ಬಿಡುತ್ತದೆ. ಅಂಚಿನಿಂದ ಶುರು ಮಾಡಬೇಕು. ನಡುವಿನಲ್ಲಿ ಶುರು ಮಾಡಿದರೆ ತುಂಡಿಗೆ ಸರಿಯಲು ಜಾಗ ಇರದೆ ಪುಡಿ ಜಾಸ್ತಿ ಆಗುತ್ತದೆ. ಒಳ್ಳೆಯ ಕೈ ಬ್ರೇಕರನ್ನು ಅಂಚಿನಿಂದ ಒಂದು ಗೇಣು ಒಳಗೆ ಇಟ್ಟು, ಬಿರುಕು ಬಿಟ್ಟ ತಕ್ಷಣ ಹಾರೆ ಹಾಕಿ ಮೀಟುತ್ತದೆ. ಮಡಕೆ ಹೆಂಚಿನಂತೆ ತುಂಡು ಎದ್ದು ಬರುತ್ತದೆ.

ಹಳೇ ಮನೆಗಳ ಕಾಂಪೌಂಡ್ ಸೈಜ್ ಕಲ್ಲಿನ ಪಾಯದ ಮೇಲೆ ನಿಂತಿರುತ್ತದೆ, ಪಾಯ ಹೆಚ್ಚು ಆಳ ಇರುವುದಿಲ್ಲ. ಕಾಂಕ್ರೀಟ್ ತೆಗೆದ ಮೇಲೆ ಗೋಡೆ ಬುಡದ ಮಣ್ಣು ಕೆರೆಯಲು ಬಿಡಬೇಡಿ.

ಹಳೇ ಸಂಪಿಗೆ ಇಳಿಯುವ ಮೊದಲು ಮುಚ್ಚಳ ತೆಗೆದು ಒಂದು ದಿನ ಬಿಡಿ. ಮುಚ್ಚಿದ ಸಂಪಿನಲ್ಲಿ ಗಾಳಿ ಕೆಟ್ಟಿರುತ್ತದೆ, ಇಳಿದವರು ಅಲ್ಲೇ ಕುಸಿದು ಬೀಳಬಹುದು. ಮೇಲೆ ಒಬ್ಬರು ಇರಲೇಬೇಕು. ಕೆಳಗೆ ಕುಸಿದವರನ್ನು ಎತ್ತಲು ಇನ್ನೊಬ್ಬರು ಹಾಗೇ ಇಳಿಯಬಾರದು. 112ಕ್ಕೆ ಫೋನ್ ಮಾಡಬೇಕು.

10. ಡೆಬ್ರಿಸ್ ಎಲ್ಲಿಗೆ?

ಕಟ್ಟಡ ತ್ಯಾಜ್ಯಕ್ಕೆ 2016ರಿಂದಲೇ ಪ್ರತ್ಯೇಕ ನಿಯಮ ಇದೆ. ಒಡೆಸಿದವರೇ ಅದನ್ನು ಬೇರ್ಪಡಿಸಿ, ಪಾಲಿಕೆ ಹೇಳಿದ ಜಾಗಕ್ಕೆ ತಲುಪಿಸಬೇಕು. ರಸ್ತೆಗೆ, ಚರಂಡಿಗೆ ಅಡ್ಡ ಹಾಕುವಂತಿಲ್ಲ. ದಾಖಲೆಯಲ್ಲಿ ನಿಮ್ಮ ವಿಳಾಸ ಇರುತ್ತದೆ, ಮೇಸ್ತ್ರಿಯದಲ್ಲ. "ನಾವು ನೋಡ್ಕೋತೀವಿ" ಅಂದವರ ಟ್ರಾಕ್ಟರ್ ರಾತ್ರಿ ಹನ್ನೊಂದಕ್ಕೆ ಬಂದರೆ ಅದು ಹೋಗುವುದು ಕೆರೆ ದಡಕ್ಕೋ, ರಾಜಕಾಲುವೆ ಪಕ್ಕಕ್ಕೋ, ಯಾರದೋ ಖಾಲಿ ಸೈಟಿಗೋ. ಮಳೆಗಾಲದಲ್ಲಿ ಯಾವುದೋ ಬಡಾವಣೆಗೆ ನೀರು ನುಗ್ಗಿದ ಸುದ್ದಿ ಟೀವಿಯಲ್ಲಿ ನೋಡುವಾಗ ನಮ್ಮ ಅಂಗಳವೂ ಅದರಲ್ಲಿ ಸೇರಿರಬಹುದು. ವಾರ್ಡ್ ಆಫೀಸಿನಲ್ಲಿ ಹತ್ತಿರದ ಜಾಗ ಯಾವುದು ಅಂತ ಕೇಳಿ, ಇಳಿಸಿದ ಮೇಲೆ ಗಾಡಿಯ ಫೋಟೋ ಕಳಿಸಲು ಮೇಸ್ತ್ರಿಗೆ ಹೇಳಿ.

ಅದಕ್ಕೂ ಮೊದಲು ಇನ್ನೊಂದು ದಾರಿ ನೋಡಿ. ಹತ್ತಿರದಲ್ಲಿ ಯಾರಾದರೂ ಮನೆ ಕಟ್ಟುತ್ತಿದ್ದರೆ ಅವರಿಗೆ ಪಾಯದೊಳಗೆ ತುಂಬಲು ಗಟ್ಟಿ ಸಾಮಾನು ಬೇಕಿರುತ್ತದೆ. ಬರೀ ಕಾಂಕ್ರೀಟ್ ತುಂಡು, ಮಣ್ಣು ಪ್ಲಾಸ್ಟಿಕ್ ಬೆರೆಯದೆ ಇದ್ದರೆ ಅವರೇ ಗಾಡಿ ಕಳಿಸುತ್ತಾರೆ. ನನ್ನ ಒಂಬತ್ತನೇ ದಿನದ ರಾಶಿ ಕೊನೆಗೆ ಹೋಗಿದ್ದು ಹಾಗೇ, ಎರಡು ಕ್ರಾಸ್ ಆಚೆಯ ಹೊಸ ಮನೆಗೆ. ಆ ಮನೆ ಮೇಸ್ತ್ರಿಗೆ ಸುದ್ದಿ ಮುಟ್ಟಿಸಿದ್ದು ಎದುರು ಮನೆ ಅಜ್ಜಿ.

ಎರಡನೇ ಸಲ ಒಂದು ಬಾಂಡ್ಲಿ ಡೆಬ್ರಿಸ್ಸೂ ರಸ್ತೆಗೆ ಬರಲಿಲ್ಲ. ಹಳೇ ಸಂಪು 6 ಅಡಿ ಆಳ, ಒಟ್ಟು 288 ಘನ ಅಡಿ. ಹಿತ್ತಲಿನ ಕಾಂಕ್ರೀಟು, ಸ್ಲ್ಯಾಬು ಸೇರಿ ಒಡೆದ ಮೇಲೆ ಸುಮಾರು 120 ಘನ ಅಡಿ. ಮೊದಲು ಸಂಪಿನ ತಳದಲ್ಲಿ ಆರೇಳು ಕಡೆ ತೂತು ಹೊಡೆಸಿದೆವು, ಇಲ್ಲದಿದ್ದರೆ ಒಳಗೆ ನೀರು ನಿಂತು ಸೊಳ್ಳೆ ಸಾಕಿದ ಹಾಗೆ. ದೊಡ್ಡ ತುಂಡು ಕೆಳಗೆ, ಸಣ್ಣದು ಮೇಲೆ. ಉಳಿದ ಜಾಗಕ್ಕೆ, ಮುಂದಿನ ಅಂಗಳದಲ್ಲಿ ಅದೇ ವಾರ ತೋಡಿದ ಇಂಗುಬಾವಿಯ ಮಣ್ಣು. 3 ಅಡಿ ಅಗಲ, 20 ಅಡಿ ಆಳದ ಆ ಬಾವಿಯನ್ನು ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರ ಸಮುದಾಯದವರು ತೋಡಿಕೊಟ್ಟರು. ಮಣ್ಣು ಸುಮಾರು 140 ಘನ ಅಡಿ, ಸಡಿಲವಾದ ಮೇಲೆ ಇನ್ನಷ್ಟು. ಹೆಚ್ಚುಕಡಿಮೆ ಸರಿಹೋಯಿತು. ಹೀಗೆ ತುಂಬಿದ ಸಂಪಿನ ಮೇಲೆ ಮುಂದೆ ರೂಮು ಕಟ್ಟುವ ಯೋಚನೆ ಇದ್ದರೆ ಮಾತ್ರ ಎಂಜಿನಿಯರ್ ಕೇಳದೆ ತುಂಬಿಸಬೇಡಿ. ನಮ್ಮದರ ಮೇಲೆ ಈಗ ಕರಿಬೇವು ಇದೆ.

11. ಕೊನೆಯ ಕಂತು

ಮೂರನೇ ದಿನ ಸಂಜೆ ಐದಕ್ಕೆ ಮೇಸ್ತ್ರಿ "ಆಯ್ತು ಸಾರ್" ಅಂದರು. ದುಡ್ಡು ಕೊಡುವ ಮೊದಲು ನೀವೂ ಒಂದು ಸುತ್ತು ಹೊಡೆಯಿರಿ. ಮೋಟಾರ್ ಹಾಕಿ ಟ್ಯಾಂಕಿಗೆ ನೀರು ಏರುತ್ತಾ ನೋಡಿ. ಬಚ್ಚಲಿಗೆ ಎರಡು ಬಕೆಟ್ ನೀರು ಸುರಿದು ಚೇಂಬರ್‌ನಲ್ಲಿ ಸಲೀಸಾಗಿ ಹರಿಯುತ್ತಾ ನೋಡಿ. ಅರ್ಥಿಂಗ್ ವೈರು ತುಂಡಾಗಿಲ್ಲ ತಾನೇ? ಪಕ್ಕದವರ ಗೋಡೆಯ ಹಳೇ ಫೋಟೋ ತೆಗೆದು ಹೋಲಿಸಿ. ಮಣ್ಣಿನಲ್ಲಿ ಕಂಬಿ ತುದಿ ಎಲ್ಲಾದರೂ ನಿಂತಿದೆಯಾ ಅಂತ ಚಪ್ಪಲಿ ಹಾಕಿಕೊಂಡೇ ಓಡಾಡಿ.

ನಾನು ಇಷ್ಟೆಲ್ಲಾ ನೋಡಿ ಜೇಬಿಗೆ ಕೈ ಹಾಕಿದೆ. ಆಗ ಮೇಸ್ತ್ರಿಯೇ, "ಒಂದ್ ನಿಮಿಷ ಸಾರ್" ಅಂತ ಹುಡುಗನನ್ನು ಕರೆದು ಗೇಟಿನ ಮುಂದಿನ ಚರಂಡಿಯ ಚಪ್ಪಡಿ ಎತ್ತಿಸಿದರು. ಮೂರು ದಿನ ಚಿಮುಕಿಸಿದ ನೀರಿನ ಜೊತೆ ಓಣಿಯಿಂದ ಹರಿದು ಬಂದ ಸಿಮೆಂಟ್ ಕೆಸರು ಅಲ್ಲಿ ಮೊಸರಿನ ಥರ ಹೆಪ್ಪುಗಟ್ಟಲು ಶುರುವಾಗಿತ್ತು. ಹುಡುಗ ಸನಿಕೆಯಲ್ಲಿ ಬಾಚಿದ. ಎರಡು ಬಾಂಡ್ಲಿ ಆಯಿತು. ಅದನ್ನೂ ಸಂಪಿಗೆ ಸುರಿದು, ಚಪ್ಪಡಿ ಮುಚ್ಚಿ, ಕೈ ತೊಳೆದುಕೊಂಡು ಬಂದ. ಆಮೇಲೆ ದುಡ್ಡು ಎಣಿಸಿದೆ.